ಇಲಿ ತಿಂದ ಸೋಯಾ, ಆಕಳು ತಿಂದ ಸೋಯಾ



ನೌಬಾದದ ಸುತ್ತ, ಭಾಲ್ಕಿ, ಔರಾದ ಕಡೆ ಮುಂಗಾರಿನಲ್ಲಿ ಸೋಯಾ ಬಿತ್ತದ ಹೊಲ ಕಡಿಮೆ. ಕಾಳು ಮಾರಾಟಕ್ಕೆ ಹೋದರೂ ಹೊಟ್ಟು ಮನೆಯಲ್ಲೇ ಉಳಿಯುತ್ತದೆ, ಹಿಂಡಿ ಪಶು ಆಹಾರದಲ್ಲಿ ಬರುತ್ತದೆ. "ಸೋಯಾ ತಿನ್ನಿಸಿದ ಇಲಿಗಳಿಗೆ ಮರಿ ಆಗಲಿಲ್ಲವಂತೆ" ಎಂಬ ಸುದ್ದಿ ಮೊಬೈಲಿನಲ್ಲಿ ಬಂದರೆ, ಎರಡು ಸಲ ತಿರುಗಿ ಬೆದೆಗೆ ಬಂದ ಆಕಳಿರುವ ಮನೆಯಲ್ಲಿ ಮೊದಲು ನಿಲ್ಲುವುದು ಹಿಂಡಿ. ಹಾಗೆ ನಿಲ್ಲಿಸುವ ಮೊದಲು ಇದನ್ನು ಓದಿ.

ಸೋಯಾ ಕಾಳಿನಲ್ಲಿ ಐಸೋಫ್ಲೇವೋನ್ ಎಂಬ ಸಸ್ಯವಸ್ತುಗಳಿವೆ. ಮುಖ್ಯವಾದವು ಎರಡು: ಡೈಡ್ಜೀನ್ ಮತ್ತು ಜೆನಿಸ್ಟೀನ್. ಇವು ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್ನಿನಂತೆ ಅಲ್ಪಸ್ವಲ್ಪ ಕೆಲಸ ಮಾಡುತ್ತವೆ. ಎಣ್ಣೆ ತೆಗೆದ ಮೇಲೂ ಇವು ಹಿಂಡಿಯಲ್ಲೇ ಉಳಿಯುತ್ತವೆ. ಬಲಿತು ಒಣಗಿದ ಹೊಟ್ಟಿನಲ್ಲಿ ಕಾಳಿಗಿಂತ ಬಹಳ ಕಡಿಮೆ.

ಇಲಿ ಮತ್ತು ಚಿಕ್ಕಿಲಿಗಳ ಕರುಳಿನ ಸೂಕ್ಷ್ಮಜೀವಿಗಳು ಡೈಡ್ಜೀನನ್ನು ಈಕ್ವಾಲ್ ಎಂಬ, ಅದಕ್ಕಿಂತ ಬಲವಾದ ವಸ್ತುವಾಗಿ ಮಾರ್ಪಡಿಸುತ್ತವೆ. ಸೋಯಾ ತಿಂದ ಇಲಿಯ ರಕ್ತದಲ್ಲಿ ಹೆಚ್ಚಾಗಿ ಕಾಣುವುದು ಈಕ್ವಾಲೇ. ಕರುಳಿನಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಯಲ್ಲಿ ಅದು ಹುಟ್ಟುವುದೇ ಇಲ್ಲ. ಹಂದಿಯಲ್ಲಿ ಬಹಳ ಕಡಿಮೆ. ಮನುಷ್ಯರಲ್ಲಂತೂ ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಮಾತ್ರ. ಒಂದೇ ತಾಟಿನಲ್ಲಿ ಉಂಡ ಅಕ್ಕತಂಗಿಯರಲ್ಲೂ ಒಬ್ಬಳಲ್ಲಿ ಆಗಿ ಇನ್ನೊಬ್ಬಳಲ್ಲಿ ಆಗದಿರಬಹುದು. ಹೀಗಿರುವಾಗ ಇಲಿಯ ಫಲಿತಾಂಶವನ್ನು ನೇರವಾಗಿ ನಮಗೆ ಅನ್ವಯಿಸುವುದು ಸರಿಯಲ್ಲ.

ಆಕಳಿನ ಮಾತು ಬೇರೆ. ಅದರ ಮೇವು ಕರುಳಿಗೆ ಹೋಗುವ ಮೊದಲೇ ದೊಡ್ಡ ಹೊಟ್ಟೆಯಲ್ಲಿ ಕೊಳೆಯುತ್ತದೆ. ಅಲ್ಲಿ ಜೆನಿಸ್ಟೀನ್ ಒಡೆದು, ಹಾರ್ಮೋನಿನ ಗುಣವಿಲ್ಲದ ವಸ್ತುವಾಗುತ್ತದೆ. ಇಲಿಗೆ ಈ ಕಾವಲು ಇಲ್ಲ. ಆದರೆ ಡೈಡ್ಜೀನ್ ಆಕಳಲ್ಲೂ ಈಕ್ವಾಲ್ ಆಗುತ್ತದೆ. ಅಂದರೆ ಒಂದು ವಸ್ತುವಿನಲ್ಲಿ ಆಕಳು ಇಲಿಯಂತೆ, ಇನ್ನೊಂದರಲ್ಲಿ ಇಲಿಯಂತಲ್ಲ.

ಈಕ್ವಾಲನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ದ್ವಿದಳ ಮೇವಿನಲ್ಲೇ ಮೇಯ್ದ ಕುರಿಗಳು ಗಬ್ಬ ನಿಲ್ಲದೆ ಬರಡಾದವು. ಆ ಮೇವಿನ ಫಾರ್ಮೋನೊನೆಟಿನ್ ಕುರಿಯ ಹೊಟ್ಟೆಯಲ್ಲಿ ಮೊದಲು ಡೈಡ್ಜೀನ್, ಆಮೇಲೆ ಈಕ್ವಾಲ್ ಆಗುತ್ತಿತ್ತು. ದನಗಳಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ಆದರೂ ಪೋಲೆಂಡಿನಲ್ಲಿ ದಿನಕ್ಕೆ 2.5 ಕೆ.ಜಿ. ಸೋಯಾ ತಿಂದ ಮಣಕಗಳಿಗೆ ಗಬ್ಬ ನಿಲ್ಲಲು ಹೆಚ್ಚು ಸಲ ಕೃತಕ ಗರ್ಭಧಾರಣೆ ಬೇಕಾಯಿತು. ನಾವು ಕೊಡುವ ಪಶು ಆಹಾರದಲ್ಲಿ ಸೋಯಾ ಹಿಂಡಿ ಹಲವು ಪದಾರ್ಥಗಳಲ್ಲಿ ಒಂದು ಮಾತ್ರ. ಅದನ್ನು ನಿಲ್ಲಿಸಿದರೆ ಮೊದಲು ಇಳಿಯುವುದು ಹಾಲು.

ಹಾಗಾಗಿ ಹೊಟ್ಟಿಗೆ ಹೆದರಬೇಡಿ. ಜೋಳದ ಕಣಕಿಯೊಂದಿಗೆ ಬೆರೆಸಿ ಹಾಕಿ. ಬೆಲೆ ಬಿದ್ದ ವರ್ಷ "ಮಾರುವುದಕ್ಕಿಂತ ದನಕ್ಕೇ ಹಾಕೋಣ" ಎಂದು ಕಾಳನ್ನು ಬುಟ್ಟಿಗಟ್ಟಲೆ ಸುರಿಯಬೇಡಿ, ಗಬ್ಬ ಕಟ್ಟಿಸಬೇಕಾದ ಮಣಕಕ್ಕಂತೂ ಬೇಡ. ಹಸಿ ಕಾಳಿನ ಜೊತೆ ಯೂರಿಯಾ ಹಾಕಿದ ಮೇವು ಬೇಡವೇ ಬೇಡ: ಕಾಳಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಬೇಗ ಅಮೋನಿಯಾ ಮಾಡುತ್ತದೆ, ಅದು ವಿಷ.

ಆಕಳು ತಿರುಗಿ ತಿರುಗಿ ಬೆದೆಗೆ ಬಂದರೆ ಹಿಂಡಿಗಿಂತ ಮೊದಲು ಸಮಯ ನೋಡಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಖನಿಜ ಮಿಶ್ರಣ ದಿನವೂ ಹೋಗುತ್ತಿದೆಯೇ, ಸೋರುವ ಲೋಳೆಯಲ್ಲಿ ಕೀವು ಇದೆಯೇ ಎಂದೂ ನೋಡಿ. ಮೂರು ಸಲವೂ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ಹೋಗುವಾಗ ಬೆದೆಯ ತಾರೀಖುಗಳನ್ನೂ ದಿನಕ್ಕೆ ಏನೇನು ಎಷ್ಟು ತಿನ್ನಿಸುತ್ತೀರಿ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.