ಅಕ್ಕೋರಿಗೂ ಹೊತ್ತು ಮುಳುಗುತ್ತದೆ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಹೊರ್ತಿ ಸಿಗುತ್ತದೆ. ಆ ಕಡೆಯ ಒಂದು ಹಳ್ಳಿಗೆ ನೆಂಟರ ಮನೆಗೆ ಹೋಗಿದ್ದೆ. ಪಕ್ಕದ ಮನೆಯವರು ಅಂಗನವಾಡಿ ಅಕ್ಕೋರು. ರಾತ್ರಿ ಒಂಬತ್ತಾದರೂ ಮೊಬೈಲಿನಲ್ಲಿ ಮಕ್ಕಳ ತೂಕ ತುಂಬುತ್ತಿದ್ದರು. ಒಲೆಯ ಮೇಲಿನ ಬ್ಯಾಳಿ ತಳ ಹಿಡಿದಿತ್ತು.

“ಮೊದಲ ಊಟಾ ಮಾಡ್ರಿ ಅಕ್ಕೋರ” ಅಂದೆ.

“ಹೆಂಗ ಮಾಡ್ಲಿ ಅಕ್ಕಾರ, ಇವತ್ತ ಬೇಕಂತ ಫೋನ ಬಂದೈತ್ರಿ.”

ಈ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು; ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಕೈಗೆ ಬರುವ ಹಣಕ್ಕೆ ಸಂಬಳ ಅನ್ನಲಿಲ್ಲ, ‘ಗೌರವಧನ’ ಅಂದರು. ತೊಡಕು ಅಲ್ಲೇ ನೋಡಿ, ಗೌರವಕ್ಕೆ ಗಡಿಯಾರ ಎಲ್ಲಿಯದು? ಪೂರಕ ಆಹಾರ, ಚುಚ್ಚುಮದ್ದು, ಮಕ್ಕಳ ಪಾಠ ಇವು ಮೊದಲಿನಿಂದ ಇದ್ದವು. 2017ರಲ್ಲಿ ಗರ್ಭಿಣಿ ಬಾಣಂತಿಯರ ಬಿಸಿಯೂಟ, 2021ರಲ್ಲಿ ಪೋಷಣ್ ಟ್ರ್ಯಾಕರ್ ಸೇರಿದವು. ಹಲವರಿಗೆ ಮತದಾರರ ಪಟ್ಟಿಯ ಕೆಲಸವೂ ಉಂಟು.

ನಮ್ಮ ರಾಜ್ಯದ್ದೇ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಇದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. ಗುಜರಾತಿನವರ ಮೊಕದ್ದಮೆಯಲ್ಲಿ, 2022ರ ಏಪ್ರಿಲ್ 25ರಂದು, ಅದೇ ಕೋರ್ಟು ಇದನ್ನು ಅರೆಕಾಲಿಕ ಕೆಲಸ ಎನ್ನಲಾಗದು, 1972ರ ಕಾಯ್ದೆಯಂತೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಪೂರ್ತಿ ಕೆಲಸ ಎಂದ ಮೇಲೆ ಅದಕ್ಕೆ ಶುರುವೂ ಇರಬೇಕು, ಮುಗಿಯುವುದೂ ಇರಬೇಕಲ್ಲವೇ?

ನಿಮ್ಮ ಸೊಸೆಯೋ ಮಗಳೋ ಈ ಕೆಲಸದಲ್ಲಿದ್ದರೆ ಒಂದು ಮಾತು ಹೇಳಿ. ಕೂಸಿನ ತೂಕ ನೋಡುವುದರಲ್ಲಿ ಕೈ ಹಿಡಿಯಬಾರದು. ಸೊರಗಿದ ಕೂಸು ನಾಳೆಯವರೆಗೆ ಕಾಯುವುದಿಲ್ಲ. ಆದರೆ ಆ ತೂಕವನ್ನು ರಾತ್ರಿ ಮೊಬೈಲಿಗೆ ಏರಿಸುವುದು ಬೆಳಗಿನವರೆಗೆ ಕಾಯುತ್ತದೆ. ಹೊಸ ಕೆಲಸ ಹೇಳಿದರೆ ಜಗಳ ಬೇಡ, “ಬರದ ಕೊಡ್ರಿ ಸರ್, ಮಾಡ್ತೀನಿ” ಅಂದರೆ ಸಾಕು. ಬಾಯಿಮಾತಿನ ಅಪ್ಪಣೆ ಎಷ್ಟೋ ಅಲ್ಲಿಗೇ ನಿಲ್ಲುತ್ತವೆ. ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ.

ಒಬ್ಬಳೇ ಎದುರು ನಿಂತರೆ ನೋಟೀಸಿನ ಹೆದರಿಕೆ, ನಿಜ. ಅದಕ್ಕೇ ಸುತ್ತಲಿನ ನಾಲ್ಕಾರು ಕೇಂದ್ರದವರು ಕೂಡಿ ಹೇಳುವುದು ಮೇಲು. 2017ರ ಮಾರ್ಚಿನಲ್ಲಿ ಸಾವಿರಾರು ಮಂದಿ ಬೆಂಗಳೂರಿನ ರಸ್ತೆಯಲ್ಲೇ ರಾತ್ರಿ ಕಳೆದ ಮೇಲೆಯೇ ಅಲ್ಲವೇ ಗೌರವಧನ ಏರಿದ್ದು!

ನಾವೇನು ಕಡಿಮೆ? ಆ ರಾತ್ರಿಯೇ ಒಬ್ಬಾಕೆ ಮೊಮ್ಮಗನ ಪುಷ್ಟಿ ಹಿಟ್ಟಿಗೆ ಅವರ ಬಾಗಿಲು ಬಡಿದಳು. ಅಕ್ಕೋರು ಏಳುವುದರೊಳಗೆ ಅತ್ತೆಯೇ ಎದ್ದು ಹೋಗಿ, “ನಾಳಿ ಹತ್ತಕ್ಕ ಅಂಗನವಾಡಿಗೆ ಬಾರವಾ, ಈಗ ನಮ್ಮ ಸೊಸಿ ಉಣ್ಣಾಕತ್ಯಾಳ” ಅಂದು ಕದ ಮುಂದೆ ಮಾಡಿದರು.