ಗುಂಡಿಕಣ್ಣಿನ ಅಮ್ಮ ಹೆದರಿಸುವುದು ಹೇಗೆ?

ಹೆನ್ರಿ ಸೆಲಿಕ್ ನಿರ್ದೇಶಿಸಿದ ‘ಕೊರಲೈನ್’ 2009ರಲ್ಲಿ ತೆರೆಗೆ ಬಂತು. ಸ್ಟಾಪ್ ಮೋಷನ್ ಚಿತ್ರಗಳಲ್ಲಿ ನನಗೆ ಇದಕ್ಕಿಂತ ಮೆಚ್ಚಿನದು ಇನ್ನೊಂದಿಲ್ಲ. ಹಳೇ ಮನೆಗೆ ಬಂದು ಸೇರಿದ ಕೊರಲೈನ್ ಎಂಬ ಹುಡುಗಿಗೆ ಗೋಡೆಯಲ್ಲಿ ಪುಟ್ಟ ಬಾಗಿಲೊಂದು ಸಿಗುತ್ತದೆ. ಅದರಾಚೆಗೂ ಅದೇ ಮನೆ, ಅಲ್ಲೊಬ್ಬ ಅಮ್ಮ. ಈ ಅಮ್ಮ ರುಚಿಯಾಗಿ ಅಡುಗೆ ಮಾಡಿ ಬಡಿಸುತ್ತಾಳೆ, ಮಗಳ ಮಾತಿಗೆ ಕಿವಿಗೊಡುತ್ತಾಳೆ. ಕಣ್ಣಿನ ಜಾಗದಲ್ಲಿ ಮಾತ್ರ ಎರಡು ಕಪ್ಪು ಗುಂಡಿಗಳು. ಚಿತ್ರದಲ್ಲಿ ರಕ್ತಪಾತವಿಲ್ಲ, ಆದರೂ ನೋಡುವವರ ಮನಸ್ಸಿನಲ್ಲಿ ಅಳುಕು ಹುಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅದರ ಹಿಂದಿರುವುದು ಅಳತೆ, ಬೆಳಕು ಮತ್ತು ತಾಳ್ಮೆಯ ಕೆಲಸ.

ಮೊದಲು ತಂತ್ರದ ವಿಷಯ. ಗೊಂಬೆಯನ್ನು ನಿಲ್ಲಿಸಿ ಒಂದು ಫೋಟೊ ತೆಗೆಯುತ್ತಾರೆ. ಕೈಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೊಂದು. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡಿದಾಗ ಗೊಂಬೆ ನಡೆದಾಡಿದಂತೆ ಕಾಣುತ್ತದೆ. ನಾವು ಬೀಸುವ ಕೈಯನ್ನು ಮಾಮೂಲು ಕ್ಯಾಮೆರಾ ಹಿಡಿದರೆ ಪ್ರತಿ ಫ್ರೇಮಿನಲ್ಲೂ ಅದು ತುಸು ಮಸುಕಾಗಿರುತ್ತದೆ. ಗೊಂಬೆಯದು ಹಾಗಲ್ಲ. ಫೋಟೊ ತೆಗೆಯುವ ಹೊತ್ತಿಗೆ ಅದು ಅಲ್ಲಾಡದೆ ನಿಂತಿರುವುದರಿಂದ ಎಲ್ಲ ಫ್ರೇಮುಗಳೂ ಚೊಕ್ಕ. ಅದರ ಚಲನೆಯಲ್ಲಿ ನುಣುಪು ಕಮ್ಮಿ ಎಂಬುದನ್ನು ಕಣ್ಣು ಗುರುತಿಸುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

ಇದರ ಜೊತೆಗೆ ಗೊಂಬೆ ನಿಜವಾದ ವಸ್ತು. ಕೊರಲೈನ್ ಗೊಂಬೆಯ ಎತ್ತರ ಹೆಚ್ಚುಕಮ್ಮಿ ಒಂದು ಗೇಣು. ಅವಳ ನಕ್ಷತ್ರಗಳ ಸ್ವೆಟರನ್ನು ಆಲ್ಥಿಯಾ ಕ್ರೋಮ್ ಎಂಬ ಕಲಾವಿದೆ ತಂತಿಯಷ್ಟು ಸಣ್ಣ ಕಡ್ಡಿಗಳಿಂದ ಕೈಯಲ್ಲೇ ಹೆಣೆದರು. ಆ ನೂಲಿನ ಮೇಲೆ ಬೀಳುವ ಬೆಳಕು ನಮ್ಮ ಮನೆಯ ಸ್ವೆಟರಿನ ಮೇಲೆ ಬೀಳುವಂಥದ್ದೇ. ಬರೆದ ಚಿತ್ರವಾಗಿದ್ದರೆ ‘ಇದು ಚಿತ್ರ’ ಎಂದು ಮನಸ್ಸು ಸಮಾಧಾನಪಡುತ್ತಿತ್ತು. ಇಲ್ಲಿ ಜೀವವಿಲ್ಲದ ವಸ್ತುವೇ ಎದ್ದು ಓಡಾಡುತ್ತಿದೆ. 1933ರ ‘ಕಿಂಗ್ ಕಾಂಗ್’ನಲ್ಲಿ ಗೊರಿಲ್ಲಾದ ರೋಮ ಸುಮ್ಮಸುಮ್ಮನೆ ಕದಲುತ್ತಿರುತ್ತದೆ. ಗೊಂಬೆಯನ್ನು ಸರಿಸುವಾಗಲೆಲ್ಲ ಕಲಾವಿದನ ಬೆರಳು ತಾಗಿ ರೋಮದ ದಿಕ್ಕು ಬದಲಾದ ಗುರುತು ಅದು. ಕೈ ಬಂದು ಹೋಗಿದೆ, ನಮಗೆ ಕಂಡಿಲ್ಲ.

ಆ ಕಾಣದ ಕೈಯನ್ನೇ ಸೆಲಿಕ್ ಚಿತ್ರದ ಆರಂಭದಲ್ಲಿ ತಂದು ಕೂರಿಸಿದ್ದಾರೆ. ಸೂಜಿಬೆರಳಿನ ಲೋಹದ ಕೈಗಳು ಒಂದು ಬಟ್ಟೆಗೊಂಬೆಯನ್ನು ಹಿಡಿದು ಕೂದಲು ಕೀಳುತ್ತವೆ, ಬಾಯಿಯ ಹೊಲಿಗೆ ಬಿಚ್ಚುತ್ತವೆ, ಗುಂಡಿ ಕಿತ್ತು, ಒಳಗಿನದನ್ನೆಲ್ಲ ಎಳೆದು ತೆಗೆದು, ಗೊಂಬೆಯನ್ನು ಒಳಮಗ್ಗುಲು ಹೊರಗಾಗಿ ತಿರುಗಿಸುತ್ತವೆ. ಆಮೇಲೆ ಹೊಸದಾಗಿ ತುಂಬಿ, ಹೊಸ ಗುಂಡಿ ಹೊಲಿದು, ಹೊಸ ಕೂದಲು ನೆಟ್ಟು ಕಿಟಕಿಯಾಚೆ ತೇಲಿಬಿಡುತ್ತವೆ. ಕೆಲಸ ಅಚ್ಚುಕಟ್ಟು, ಆತುರವಿಲ್ಲ. ಯಾರ ಕೈ, ಯಾಕೆ ಎಂಬುದನ್ನು ಹೇಳುವುದಿಲ್ಲ. ನನ್ನ ಪ್ರಕಾರ ಇಡೀ ಚಿತ್ರದ ಭಯಕ್ಕೆ ಬುನಾದಿ ಇದೇ ದೃಶ್ಯ. ಮುಂದೆ ಎಲ್ಲ ಚೆನ್ನಾಗಿಯೇ ನಡೆಯುವಾಗಲೂ ಆ ಕೈ ಎಲ್ಲಿದೆ ಎಂದು ಮನಸ್ಸು ಹುಡುಕುತ್ತಿರುತ್ತದೆ.

ಇನ್ನು ಮನೆಯ ಅಳತೆ. ನಿಜದ ಮನೆಯ ಸೆಟ್ಟುಗಳನ್ನು ಆಳ ಕಡಿಮೆ ಮಾಡಿ, ಒತ್ತಿ ಹಿಡಿದಂತೆ ಕಟ್ಟಿದರು. ಬಣ್ಣವೂ ಬೂದು. ಬಾಗಿಲಾಚೆಯ ಅದೇ ಕೋಣೆಗಳಿಗೆ ಹೆಚ್ಚು ಆಳ ಕೊಟ್ಟು ಬೆಚ್ಚನೆಯ ಬಣ್ಣ ಬಳಿದರು. ಹೀಗಾಗಿ ಹುಡುಗಿಯಂತೆ ನಮಗೂ ಆಚೆಯೇ ಹಿತ. ಇಕ್ಕಟ್ಟಿನ ಒನ್ ಬಿಎಚ್‌ಕೆಯಲ್ಲಿ ಬೆಳೆದ, ಮುಂಬಯಿ ಬಳಿಯ ಡೊಂಬಿವಲಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆಲಿಕ್ ಭಯವನ್ನು ಕತ್ತಲೆಯಲ್ಲಿ ಇಡಲಿಲ್ಲ, ಆಸೆ ಹುಟ್ಟಿಸುವ ಜಾಗದಲ್ಲಿ ಇಟ್ಟರು. ಆಚೆಯ ಅಮ್ಮನೂ ಮೊದಲು ನಿಜವಾದ ಅಮ್ಮನ ಪಡಿಯಚ್ಚು, ಬರಬರುತ್ತ ಉದ್ದವಾಗಿ, ಸಣ್ಣಗಾಗಿ, ಕೊನೆಗೆ ಜೇಡನಂತಾಗುತ್ತಾಳೆ.

ಒಂದು ದೃಶ್ಯವನ್ನಂತೂ ಗಮನವಿಟ್ಟು ನೋಡಿ. ಕೊರಲೈನ್ ಆಚೆಯ ಮನೆ ಬಿಟ್ಟು ದೂರ ನಡೆಯುತ್ತಾಳೆ. ಮರಗಳು ಕಡಿಮೆಯಾಗುತ್ತ ಬಂದು ಕೊನೆಗೆ ಬರೀ ಬಿಳುಪು ಉಳಿಯುತ್ತದೆ. ಇನ್ನೂ ನಡೆದರೆ ಎದುರಿಗೆ ಮತ್ತೆ ಅದೇ ಮನೆ. ಆ ಅಮ್ಮ ಬೇಕಾದಷ್ಟನ್ನೇ ಕಟ್ಟಿದ್ದಾಳೆ, ಅದರಾಚೆ ಏನೂ ಇಲ್ಲ. ಸಿನಿಮಾ ಸೆಟ್ಟೂ ಹೀಗೇ ಇರುತ್ತದೆ, ಕ್ಯಾಮೆರಾಗೆ ಕಾಣುವಷ್ಟು ಮಾತ್ರ.

ಗೊಂಬೆಗೆ ಜೀವ ಬರುವುದೇ ಕಣ್ಣಿನಿಂದ. ಗುಂಡಿಗೆ ನೋಟವಿಲ್ಲ, ಎತ್ತ ನೋಡುತ್ತಿದೆ ಎಂದು ತಿಳಿಯುವುದಿಲ್ಲ, ಆದರೂ ನಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ. ಬ್ರೂನೋ ಕೂಲೆಯವರ ಸಂಗೀತವೂ ಈ ಕಸಿವಿಸಿಯನ್ನೇ ಬೆಳೆಸುತ್ತದೆ. ಮಕ್ಕಳ ವೃಂದ ಮಧುರವಾಗಿ ಹಾಡುತ್ತದೆ, ಪದಗಳು ಮಾತ್ರ ಯಾವ ಭಾಷೆಯವೂ ಅಲ್ಲ.

ಸ್ಟಾಪ್ ಮೋಷನ್ ತಂತ್ರ ನಮ್ಮ ನೆಲಕ್ಕೆ ಹೊಸದಲ್ಲ. ದಾದಾಸಾಹೇಬ ಫಾಲ್ಕೆ 1915ರ ಸುಮಾರಿಗೇ ‘ಆಗಕಾಡ್ಯಾಂಚೀ ಮೌಜ್’ನಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿದ್ದರು. ಸುರೇಶ್ ಎರಿಯಾಟ್ ಅವರ ‘ಟೋಕ್ರಿ’ ಚಿತ್ರ ಮುಂಬಯಿಯಲ್ಲೇ ತಯಾರಾದದ್ದು. ಅಪ್ಪನ ಗಡಿಯಾರ ಒಡೆದ ಹುಡುಗಿ ಬುಟ್ಟಿ ಮಾರಲು ಬೀದಿಗಿಳಿಯುವ ಕಥೆ ಅದು. ಹೆದರಿಸುವ ಉದ್ದೇಶವಿಲ್ಲದಿದ್ದರೂ, ತಿರುಗಿ ನೋಡದೆ ಸಾಗುವ ನಗರದ ನಡುವೆ ಆ ಮಗು ಎಷ್ಟು ಚಿಕ್ಕದು ಎಂಬುದು ಎದೆಗೆ ತಾಗುತ್ತದೆ.

ಇಂಥದ್ದೊಂದು ಚಿತ್ರ ಮಾಡಿ ನೋಡುವ ಆಸೆಯಿದ್ದರೆ ಕಲ್ಯಾಣ–ಡೊಂಬಿವಲಿಯವರಿಗೆ ಸೆಟ್ಟು ಅಂಗಳದಲ್ಲೇ ಇದೆ. ದೀಪಾವಳಿಗೆ ಬಿಲ್ಡಿಂಗಿನ ಮಕ್ಕಳು ಕಲ್ಲು, ಮಣ್ಣು, ಗೋಣಿಚೀಲದಿಂದ ಕಿಲ್ಲೆ, ಅಂದರೆ ಪುಟ್ಟ ಕೋಟೆ ಕಟ್ಟಿ ಶಿವಾಜಿ, ಅವರ ಸೈನಿಕರಾದ ಮಾವಳೆಯರ ಪುಟ್ಟ ಗೊಂಬೆಗಳನ್ನು ಇಡುತ್ತಾರಲ್ಲ, ಅದೇ ಸಾಕು. ಆ ಗೊಂಬೆಗಳ ಕೈಕಾಲು ಆಡುವುದಿಲ್ಲ, ಬರೆದ ಕಣ್ಣು ಮುಚ್ಚುವುದಿಲ್ಲ, ಇಡಿಯಾಗಿ ತಿರುಗಿಸಬಹುದು, ಅಷ್ಟೆ. ನಮ್ಮ ಕೆಲಸಕ್ಕೆ ಇದು ಅನುಕೂಲವೇ. ಕಾವಲಿಗೆ ನಿಂತ ಹತ್ತು ಮಾವಳೆಯರಲ್ಲಿ ಒಬ್ಬ ಮಾತ್ರ ನಿಧಾನವಾಗಿ ಕ್ಯಾಮೆರಾದತ್ತ ತಿರುಗಲಿ, ಉಳಿದವರು ಅಲ್ಲಾಡುವುದು ಬೇಡ. ಎಲ್ಲರನ್ನೂ ಕುಣಿಸಿದರೆ ಅದು ಆಟವಾಗುತ್ತದೆ.

ಹಗಲಲ್ಲಿ ತೆಗೆಯಬೇಡಿ, ಸೂರ್ಯ ಸರಿದಂತೆ ನೆರಳು ಜಿಗಿಯುತ್ತದೆ. ಕತ್ತಲಾದ ಮೇಲೆ ಒಂದೇ ಟಾರ್ಚನ್ನು ಪಕ್ಕದಲ್ಲಿ ತಗ್ಗಾಗಿ ಕಟ್ಟಿಡಿ, ಕೋಟೆಗಿಂತ ನೆರಳೇ ದೊಡ್ಡದಾಗಿ ಬೀಳಲಿ. ಫೋನನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸಿ ಇಟ್ಟಿಗೆಗೆ ಬಿಗಿಯಾಗಿ ಕಟ್ಟಿ. ಪರದೆಯನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್ಸೂ ಬೆಳಕೂ ಲಾಕ್ ಆಗುತ್ತವೆ. ಬೆರಳು ತಾಗಿ ಫೋನು ಅಲುಗದಂತೆ ಟೈಮರ್ ಬಳಸಿ. ಕಪ್ಪು ಅಂಗಿ ಹಾಕಿಕೊಳ್ಳಿ, ಬಿಳಿ ಬಟ್ಟೆಯ ಬೆಳಕು ಗೊಂಬೆಯ ಮೇಲೆ ಹಾರುತ್ತದೆ. ಹಳಿಯ ಪಕ್ಕದ ಬಿಲ್ಡಿಂಗಾದರೆ ಲೋಕಲ್ ರೈಲು ಹೋಗಿ ಅದುರು ನಿಂತ ಮೇಲೆಯೇ ಫೋಟೊ ತೆಗೆಯಿರಿ. ಸೆಕೆಂಡಿಗೆ 12 ಫೋಟೊ ಸಾಕು, ಹತ್ತು ಸೆಕೆಂಡಿನ ಚಿತ್ರಕ್ಕೆ 120. ಒಂದು ಸಂಜೆಯ ಕೆಲಸ.

ಈ ಸಲ ಕಿಲ್ಲೆ ಕೆಡವುವ ಮೊದಲು ಆ ಒಂದು ಸಂಜೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ‘ಕೊರಲೈನ್’ ತೋರಿಸುವುದಾದರೆ ತೀರಾ ಚಿಕ್ಕವರಿಗೆ ಬೇಡ, ಉಳಿದ ಮಕ್ಕಳ ಪಕ್ಕದಲ್ಲಿ ನೀವೂ ಕೂತುಕೊಳ್ಳಿ.