ಕೆಳಗೆ ಅಂಗಡಿ, ಮೇಲೆ ಮನೆ: ಭೇಂಡಿ ಬಜಾರ್‌ನಲ್ಲಿ ಗಗನಚುಂಬಿ ಕಟ್ಟಡಗಳು ಏಳುತ್ತಿರುವುದೇಕೆ?

ಮುಂಬೈ: ದಕ್ಷಿಣ ಮುಂಬೈನ ಮೊಹಮ್ಮದ್ ಅಲಿ ರಸ್ತೆಗೆ ಹೊಂದಿಕೊಂಡಿರುವ ಭೇಂಡಿ ಬಜಾರ್‌ನಲ್ಲಿ ಸಂಜೆ ಹೊತ್ತು ಕಾಲಿಡಲೂ ಜಾಗವಿರುವುದಿಲ್ಲ. ಕೂಗಳತೆ ದೂರದಲ್ಲೇ ಚೋರ್ ಬಜಾರ್. ಗಿಜಿಗುಡುವ ಈ ಪೇಟೆಯ ನಡುವೆ ಈಗ ಅಂಗಡಿ ಮತ್ತು ಮನೆ ಎರಡನ್ನೂ ಒಳಗೊಂಡ ಬಹುಮಹಡಿ ಗೋಪುರಗಳು ತಲೆ ಎತ್ತಿವೆ. ಜಾಗವೇ ಇಲ್ಲದ ಕಡೆ ಇದು ಸಾಧ್ಯವಾಗಿದ್ದು ಹೇಗೆ? ಇಲ್ಲಿದೆ ಮಾಹಿತಿ.

ಏನಿದು ಯೋಜನೆ?

ದಾವೂದಿ ಬೊಹ್ರಾ ಸಮುದಾಯದ ಅಂದಿನ ಧರ್ಮಗುರು ಸೈಯದ್ನಾ ಮೊಹಮ್ಮದ್ ಬುರ್ಹಾನುದ್ದೀನ್ ಅವರ ಆಶಯದಂತೆ 2009ರಲ್ಲಿ ಸೈಫಿ ಬುರ್ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಸುಮಾರು 16.5 ಎಕರೆಯಲ್ಲಿದ್ದ ಅಂದಾಜು 250 ಹಳೆಯ ಕಟ್ಟಡಗಳನ್ನು ಕೆಡವಿ, ಸುಮಾರು 3,200 ಕುಟುಂಬಗಳು ಮತ್ತು 1,250 ಅಂಗಡಿಗಳಿಗೆ ಅದೇ ಜಾಗದಲ್ಲಿ ನೆಲೆ ಕಲ್ಪಿಸುವುದು ಇದರ ಗುರಿ. ಮೊದಲ ಹಂತದ ಎರಡು 'ಅಲ್ ಸಆದಾ' ಗೋಪುರಗಳಲ್ಲಿ ಕುಟುಂಬಗಳು ಈಗಾಗಲೇ ವಾಸವಾಗಿವೆ.

ಹಳೆಯ ಕಟ್ಟಡಗಳು ಶಿಥಿಲವಾಗಿದ್ದೇಕೆ?

ಇದಕ್ಕೆ ಮುಖ್ಯ ಕಾರಣ 'ಪಗಡಿ' ಪದ್ಧತಿ. ಬಾಡಿಗೆದಾರರು ಆರಂಭದಲ್ಲಿ ದೊಡ್ಡ ಮೊತ್ತ ಕೊಟ್ಟು, ಬಳಿಕ ಅತ್ಯಲ್ಪ ಬಾಡಿಗೆ ಕಟ್ಟುತ್ತಾ ತಲೆಮಾರುಗಳ ಕಾಲ ಉಳಿಯುತ್ತಾರೆ. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯಿಂದ ಬಾಡಿಗೆ ಏರಲೇ ಇಲ್ಲ. ಬರುವ ಪುಡಿಗಾಸಿನಲ್ಲಿ ಮಾಲೀಕರು ರಿಪೇರಿಗೆ ಮನಸ್ಸು ಮಾಡಲಿಲ್ಲ, ಬಾಡಿಗೆದಾರರು ಹಕ್ಕು ಕೈತಪ್ಪುವ ಭಯದಿಂದ ಮನೆ ಬಿಡಲಿಲ್ಲ.

ಇದಕ್ಕೆ ತೆತ್ತ ಬೆಲೆ ದೊಡ್ಡದು. 2017ರ ಆಗಸ್ಟ್ 31ರಂದು ಇದೇ ಯೋಜನೆಯ ವ್ಯಾಪ್ತಿಯಲ್ಲಿದ್ದ, ಶತಮಾನ ದಾಟಿದ ಹುಸೈನಿ ಕಟ್ಟಡ ಕುಸಿದು 33 ಮಂದಿ ಮೃತಪಟ್ಟರು. ಕೆಲವು ಕುಟುಂಬಗಳು ಅದಕ್ಕೂ ಮೊದಲೇ ಅಲ್ಲಿಂದ ಸ್ಥಳಾಂತರಗೊಂಡಿದ್ದವು. ಉಳಿದವರು ಅಲ್ಲೇ ಇದ್ದರು.

ಎತ್ತರದ ಹಿಂದಿನ ಲೆಕ್ಕಾಚಾರ

ಒಂದೊಂದೇ ಕಟ್ಟಡ ಕೆಡವಿ ಕಟ್ಟಿದರೆ ರಸ್ತೆ ಅಗಲವಾಗದು, ಪಾರ್ಕಿಂಗ್ ಸಿಗದು. ಹಾಗಾಗಿ ಮುಂಬೈನ ಅಭಿವೃದ್ಧಿ ನಿಯಂತ್ರಣ ನಿಯಮ 33(9) ಹಲವು ಕಟ್ಟಡಗಳನ್ನು ಒಟ್ಟುಗೂಡಿಸುವ 'ಕ್ಲಸ್ಟರ್' ಪುನರಾಭಿವೃದ್ಧಿಗೆ ಅವಕಾಶ ಕೊಡುತ್ತದೆ. ಇದರಡಿ ನಿವೇಶನದ ನಾಲ್ಕು ಪಟ್ಟು ಅಥವಾ ಅದಕ್ಕೂ ಹೆಚ್ಚು ವಿಸ್ತೀರ್ಣ ಕಟ್ಟಬಹುದು. ಹಳೆಯ ನಿವಾಸಿಗಳಿಗೆ ಉಚಿತವಾಗಿ ಕನಿಷ್ಠ 350 ಚದರಡಿಯ ಸ್ವಂತ ಮನೆ ಎಂಬುದು ಟ್ರಸ್ಟ್‌ನ ಭರವಸೆ. ಹೆಚ್ಚುವರಿಯಾಗಿ ಕಟ್ಟಿದ ಮನೆ, ಮಳಿಗೆಗಳ ಮಾರಾಟದಿಂದ ವೆಚ್ಚದ ಒಂದು ಭಾಗ ಹುಟ್ಟುತ್ತದೆ. ಅಂದರೆ ಎತ್ತರ ಇಲ್ಲಿ ಶೋಕಿಯಲ್ಲ, ಹಣ ಹೊಂದಿಸುವ ದಾರಿ.

ಅಂಗಡಿಗಳ ಕಥೆ ಏನು?

ಕೆಳಗಿನ ಮಹಡಿಗಳಲ್ಲಿ ಮಳಿಗೆ, ಮೇಲೆ ಮನೆ ಎಂಬುದು ಭೇಂಡಿ ಬಜಾರ್‌ಗೆ ಹೊಸತೇನಲ್ಲ. ಹಳೆಯ ಚಾಳುಗಳೂ ಹಾಗೇ ಇದ್ದವು. ಆದರೆ ರಸ್ತೆಗೆ ಮುಖ ಮಾಡಿದ ಅಂಗಡಿಗೆ ದಾರಿಹೋಕರೇ ಗಿರಾಕಿಗಳು. ಅದೇ ಅಂಗಡಿ ಒಳಗೋ, ಮೇಲಿನ ಮಹಡಿಗೋ ಹೋದರೆ ವ್ಯಾಪಾರ ಕುಸಿಯುವ ಆತಂಕ ಸಹಜ. ಕಾಮಗಾರಿ ಮುಗಿಯುವವರೆಗೆ ಬೇರೆಡೆ ವಹಿವಾಟು ನಡೆಸುವಾಗ ಹಳೆಯ ಗಿರಾಕಿಗಳನ್ನು ಉಳಿಸಿಕೊಳ್ಳುವುದೂ ಸವಾಲು.

ಮನೆಯವರಿಗೂ ಹೊಸ ಜವಾಬ್ದಾರಿಗಳಿವೆ. ಚಾಳಿನಲ್ಲಿ ಲಿಫ್ಟ್ ಇರಲಿಲ್ಲ. ಗೋಪುರದಲ್ಲಿ ಲಿಫ್ಟ್, ನೀರಿನ ಪಂಪ್, ಅಗ್ನಿಶಾಮಕ ವ್ಯವಸ್ಥೆ ಸದಾ ಸುಸ್ಥಿತಿಯಲ್ಲಿರಬೇಕು. ಬೆಂಕಿ ಬಿದ್ದಾಗ ಆಶ್ರಯ ಪಡೆಯಲೆಂದು ಬಿಟ್ಟ ಜಾಗವನ್ನು ಸಾಮಾನು ತುಂಬದೆ ಖಾಲಿ ಇಡಬೇಕು. ಇವೆಲ್ಲದರ ನಿರ್ವಹಣಾ ವೆಚ್ಚ ಹಳೆಯ ಬಾಡಿಗೆಗಿಂತ ಎಷ್ಟೋ ಪಟ್ಟು ಹೆಚ್ಚು.

ಬೇರೆಡೆಗೂ ಪಾಠ

ಕಾಮಾಠಿಪುರದಲ್ಲೂ ಮ್ಹಾಡಾ ಮೂಲಕ ಕ್ಲಸ್ಟರ್ ಮಾದರಿಯ ಪುನರಾಭಿವೃದ್ಧಿಗೆ ಸಿದ್ಧತೆ ನಡೆದಿದೆ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯಂಥ ಇಕ್ಕಟ್ಟಿನ ಪೇಟೆಗಳಿಗೂ ಇದರಲ್ಲಿ ಪಾಠವಿದೆ. ಗೋಪುರ ಕಟ್ಟುವುದಕ್ಕಿಂತ, ಹಳೆಯ ನಿವಾಸಿ ಮತ್ತು ಹಳೆಯ ವ್ಯಾಪಾರಿ ಇಬ್ಬರೂ ಅಲ್ಲೇ ಉಳಿದು ಬಾಳುವಂತೆ ಮಾಡುವುದೇ ಕಷ್ಟದ ಕೆಲಸ.